ಕಿನೋವಿಯಾ: ರೋಗಿಯ ನಡಿಗೆ ಅಳೆಯುವ ಈ ಉಚಿತ ಸಾಫ್ಟ್‌ವೇರನ್ನು ಎಷ್ಟರ ಮಟ್ಟಿಗೆ ನಂಬಬಹುದು?

ನೀ ರಿಪ್ಲೇಸ್‌ಮೆಂಟ್ (ಮಂಡಿ ಬದಲಾಯಿಸುವ ಆಪರೇಷನ್) ಆದವರ ಕೇಸ್ ಶೀಟಿನಲ್ಲಿ ‘ನಡಿಗೆ ಸುಧಾರಿಸಿದೆ’ ಎಂದಷ್ಟೇ ಬರೆದಿರುವುದು ಸಾಮಾನ್ಯ. ಎಷ್ಟು ಸುಧಾರಿಸಿದೆ, ನಡಿಗೆಯ ಯಾವ ಘಟ್ಟದಲ್ಲಿ ಸುಧಾರಿಸಿದೆ ಎಂಬುದು ಅಲ್ಲಿ ಇರುವುದಿಲ್ಲ. ಬರೆದ ಫಿಸಿಯೋಗೆ ಕಾಣದ್ದನ್ನು ಬರೆಯಲು ಆಗುವುದೂ ಇಲ್ಲ. ಸಾಮಾನ್ಯ ವೇಗದ ನಡಿಗೆಯಲ್ಲಿ ಒಂದು ಹಿಮ್ಮಡಿ ನೆಲ ಮುಟ್ಟಿದ ಮೇಲೆ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟಲು ಸುಮಾರು 1.1 ಸೆಕೆಂಡು ಹಿಡಿಯುತ್ತದೆ. ಅದರ ಮೊದಲ ಶೇ 12ರಷ್ಟು ಹೊತ್ತಿನಲ್ಲಿ, ಅಂದರೆ ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ, ಮೈಭಾರ ಆ ಕಾಲಿನ ಮೇಲೆ ಬರುತ್ತದೆ, ಮಂಡಿ 15ರಿಂದ 20 ಡಿಗ್ರಿ ಬಾಗಿ ಆ ಹೊಡೆತವನ್ನು ತಡೆದುಕೊಳ್ಳುತ್ತದೆ. ಆಪರೇಷನ್ ಆದ ಮಂಡಿ ಹೆಚ್ಚಾಗಿ ಇಲ್ಲಿಯೇ ಬಾಗದೆ ಸೆಟೆದು ನಿಲ್ಲುವುದು. ಎಷ್ಟೇ ಅನುಭವ ಇದ್ದರೂ ಅಷ್ಟು ಹೊತ್ತಿನಲ್ಲಿ 5 ಡಿಗ್ರಿಗೂ 15 ಡಿಗ್ರಿಗೂ ಇರುವ ವ್ಯತ್ಯಾಸ ಬರಿಗಣ್ಣಿಗೆ ಸಿಗುವುದಿಲ್ಲ.

ವಿಡಿಯೋ ತೆಗೆದು, ಒಂದೊಂದೇ ಫ್ರೇಮ್ ನಿಲ್ಲಿಸಿ, ಅದರ ಮೇಲೆ ಕೋನ ಎಳೆದು ನೋಡುವ ಸಾಫ್ಟ್‌ವೇರುಗಳಲ್ಲಿ ಫಿಸಿಯೋಥೆರಪಿಯವರು ಹೆಚ್ಚು ಬಳಸುವುದು ಕಿನೋವಿಯಾ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳುತ್ತೇವೆ. ಪಕ್ಕದಿಂದ ಕಾಣುವ ಮಂಡಿಯ ಚಲನೆ, ಕುರ್ಚಿಯಿಂದ ಏಳುವ ರೀತಿ, ಹೆಜ್ಜೆಯ ಉದ್ದ, ಸಮಯ, ಇಷ್ಟಕ್ಕೆ ಇದು ಸಣ್ಣ ಕ್ಲಿನಿಕ್ಕಿಗೂ ಬೇಕಾದ ಸಾಧನ. ಒಬ್ಬರೇ ರೋಗಿಯ ಮೊದಲ ವಿಡಿಯೋ, ಆರು ವಾರದ ನಂತರದ ವಿಡಿಯೋ, ಇವೆರಡನ್ನು ಹೋಲಿಸುವುದು ಇದರ ನಿಜವಾದ ಬಲ. ಅದೇ ಅಂಕಿಯನ್ನು ಪಠ್ಯಪುಸ್ತಕದ ನಾರ್ಮಲ್ ಟೇಬಲ್ಲಿನ ಪಕ್ಕದಲ್ಲಿಟ್ಟು ‘4 ಡಿಗ್ರಿ ಕಡಿಮೆ’ ಎಂದು ವರದಿ ಬರೆಯಲು ಹೊರಟರೆ ಅದು ತಪ್ಪು ಬಳಕೆ. ಯಾಕೆ ಎಂಬುದು ಕ್ಯಾಮೆರಾ, ಮಾರ್ಕರುಗಳ (ಕೀಲುಗಳ ಮೇಲೆ ಅಂಟಿಸುವ ಗುರುತುಗಳ) ವಿಚಾರಕ್ಕೆ ಬಂದಾಗ ತಿಳಿಯುತ್ತದೆ.

ಮೊದಲು ಸಾಫ್ಟ್‌ವೇರಿನ ವಿವರ ಚುಟುಕಾಗಿ. ಜೋನ್ ಶಾರ್ಮಾಂ ಎಂಬ ಡೆವಲಪರ್ ಮುಂದೆ ನಿಂತು ಬೆಳೆಸಿರುವ ಮುಕ್ತ ತಂತ್ರಾಂಶ ಇದು, ಯಾರು ಬೇಕಾದರೂ ಬಳಸಿ ಹಂಚಬಹುದಾದ ಜಿಪಿಎಲ್ ಪರವಾನಗಿಯಲ್ಲಿದೆ. ದುಡ್ಡು ಕೊಡಬೇಕಿಲ್ಲ, ಜಾಹೀರಾತು ಇಲ್ಲ, ಖಾತೆ ತೆರೆಯಬೇಕಿಲ್ಲ. ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಮೊಬೈಲ್, ಮ್ಯಾಕ್ ಇಟ್ಟುಕೊಂಡವರಿಗೆ ಇದೇ ದೊಡ್ಡ ಕೊರತೆ. ಇನ್‌ಸ್ಟಾಲ್ ಮಾಡದೆ ಫೋಲ್ಡರಿನಿಂದಲೇ ಓಡಿಸುವ ಜಿಪ್ ರೂಪವೂ ಸಿಗುವುದರಿಂದ, ಅಡ್ಮಿನ್ ಪಾಸ್‌ವರ್ಡ್ ಕೊಡದ ಆಸ್ಪತ್ರೆಯ ಕಂಪ್ಯೂಟರಿನಲ್ಲೂ ಬಳಸಬಹುದು. ಕಾಲೇಜುಗಳಲ್ಲಿ ಒಬ್ಬರಿಂದೊಬ್ಬರಿಗೆ ಪೆನ್‌ಡ್ರೈವಿನಲ್ಲಿ ದಾಟಿಬಂದ 0.8.15 ಆವೃತ್ತಿ ಇನ್ನೂ ಎಷ್ಟೋ ಕಡೆ ಇದೆ. ಅದನ್ನು ತೆಗೆದುಹಾಕಿ. 0.9.5ರ ನಂತರ 2023.1 ಎಂಬಂತೆ ಇಸವಿಯ ಹೆಸರಿನಲ್ಲೇ ಆವೃತ್ತಿಗಳು ಬರುತ್ತಿವೆ. ಕೋನವನ್ನು ಟ್ರ್ಯಾಕ್ ಮಾಡಿ ಗ್ರಾಫ್ ತೆಗೆಯುವುದು, ಹಲವು ಫ್ರೇಮುಗಳನ್ನು ಒಂದೇ ಚಿತ್ರದಲ್ಲಿ ಜೋಡಿಸುವ ಕಿನೋಗ್ರಾಮ್, ಇವೆಲ್ಲ ಹೊಸದರಲ್ಲಿವೆ.

ಕ್ಯಾಮೆರಾ ಎಲ್ಲಿಡಬೇಕು

ಕಿನೋವಿಯಾ ಕೊಡುವ ಅಂಕಿಯ ಗುಣಮಟ್ಟದ ಬಹುಪಾಲು ಕಂಪ್ಯೂಟರ್ ಆನ್ ಮಾಡುವ ಮೊದಲೇ ನಿರ್ಧಾರವಾಗಿರುತ್ತದೆ. ಫೋನನ್ನು ಕೈಯಲ್ಲಿ ಹಿಡಿದು, ರೋಗಿಯ ಪಕ್ಕದಲ್ಲೇ ನಡೆಯುತ್ತಾ ತೆಗೆದ ವಿಡಿಯೋದಿಂದ ಯಾವ ಕೋನವನ್ನೂ ಅಳೆಯಬೇಡಿ. ಟ್ರೈಪಾಡ್ ಬೇಕೇ ಬೇಕು. ಫೋನ್ ಹೋಲ್ಡರ್ ಇರುವ ಸಾಧಾರಣ ಟ್ರೈಪಾಡ್ ಸಾವಿರದಿಂದ ಎರಡು ಸಾವಿರ ರೂಪಾಯಿಗೆ ಸಿಗುತ್ತದೆ. ಈ ಇಡೀ ವ್ಯವಸ್ಥೆಯಲ್ಲಿ ಹೊಸದಾಗಿ ಕೊಳ್ಳಬೇಕಾದ ವಸ್ತು ಹೆಚ್ಚುಕಡಿಮೆ ಅದೊಂದೇ.

ರೋಗಿ ನಡೆಯುವ ದಾರಿಗೆ ಕ್ಯಾಮೆರಾ ನೇರ ಲಂಬವಾಗಿರಬೇಕು. ಕಣ್ಣಂದಾಜು ಸಾಲದು. ನಮ್ಮಲ್ಲಿ ಈಗ ಹೆಚ್ಚಿನ ಕ್ಲಿನಿಕ್ಕುಗಳ ನೆಲಕ್ಕೆ ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಇರುತ್ತದೆ. ಅದರ ಸಂದಿನ ಗೆರೆಗಳು ಈ ಕೆಲಸಕ್ಕೆ ಬಹಳ ಅನುಕೂಲ. ಒಂದು ಉದ್ದಗೆರೆಯ ಮೇಲೆ ಬಣ್ಣದ ಟೇಪು ಅಂಟಿಸಿ ಅದನ್ನೇ ನಡೆಯುವ ದಾರಿ ಮಾಡಿ. ಅದಕ್ಕೆ ಅಡ್ಡಲಾಗಿ ಹೋಗುವ ಒಂದು ಗೆರೆಯ ಮೇಲೆ, ದಾರಿಯಿಂದ 4 ಮೀಟರ್ ಹಿಂದೆ, ಟ್ರೈಪಾಡ್ ಇಡಿ. ಫೋನಿನಲ್ಲಿ ನೋಡಿದಾಗ ಆ ಅಡ್ಡಗೆರೆ ಚಿತ್ರದ ಮಧ್ಯದಲ್ಲಿ ನೆಟ್ಟಗೆ ನಿಂತಿರಬೇಕು, ಉದ್ದಗೆರೆ ಮಟ್ಟಸವಾಗಿ ಮಲಗಿರಬೇಕು. ಮಂಡಿ, ಪಾದವಷ್ಟೇ ಸಾಕು ಎಂದರೆ ಲೆನ್ಸ್ ಮಂಡಿಯ ಎತ್ತರಕ್ಕೆ; ಸೊಂಟ, ಬೆನ್ನೂ ಬೇಕೆಂದರೆ ಸೊಂಟದ ಎತ್ತರಕ್ಕೆ. ಟ್ರೈಪಾಡಿನ ಮೂರು ಕಾಲು ನಿಲ್ಲುವ ಜಾಗಕ್ಕೂ ನೆಲದಲ್ಲೇ ಗುರುತು ಮಾಡಿಡಿ. ಆರು ವಾರದ ನಂತರದ ವಿಡಿಯೋ ಅದೇ ಜಾಗದಿಂದ ಬರದಿದ್ದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

4 ಮೀಟರ್ ಯಾಕೆ? ಹತ್ತಿರ ಇಟ್ಟಷ್ಟೂ, ಕಾಲು ಕ್ಯಾಮೆರಾದ ಕಡೆಗೆ ಸ್ವಲ್ಪ ವಾಲಿದರೂ ಚಿತ್ರದಲ್ಲಿ ದೊಡ್ಡದಾಗಿ ಕಾಣುತ್ತದೆ. 3 ಮೀಟರ್ ದೂರದಲ್ಲಿ 20 ಸೆಂ.ಮೀ. ಮುಂದೆ ಬಂದ ಕಾಲು ಶೇ 7ರಷ್ಟು ಹಿಗ್ಗಿ ಕಾಣುತ್ತದೆ. 6 ಮೀಟರಿನಲ್ಲಿ ಅದೇ ಶೇ 3ರ ಆಸುಪಾಸು. ಜಾಗ ಇದ್ದರೆ 5 ಮೀಟರ್ ಇನ್ನೂ ಒಳ್ಳೆಯದು. ಜಾಗ ಇಲ್ಲವೆಂದು 2 ಮೀಟರಿನಲ್ಲಿ ನಿಂತು ಫೋನಿನ 0.5 ಪಟ್ಟು ಅಗಲದ ಲೆನ್ಸ್ ಹಾಕುವವರಿದ್ದಾರೆ. ಆ ಲೆನ್ಸು ಚಿತ್ರದ ಅಂಚುಗಳನ್ನು ಬಾಗಿಸುತ್ತದೆ, ನೆಟ್ಟಗಿರುವ ಕಾಲೇ ಬಿಲ್ಲಿನಂತೆ ಕಾಣುತ್ತದೆ. ಲೆನ್ಸಿನ ವಕ್ರತೆಯನ್ನು ಸರಿಪಡಿಸುವ ಸೌಲಭ್ಯ ಕಿನೋವಿಯಾದಲ್ಲಿ ಇದೆಯಾದರೂ, ದಿನದ ಕೆಲಸದಲ್ಲಿ ಮುಖ್ಯ ಲೆನ್ಸನ್ನೇ ಬಳಸಿ ಆ ತಾಪತ್ರಯದಿಂದ ದೂರ ಇರುವುದು ಲೇಸು.

ಕ್ಯಾಮೆರಾ ಲಂಬವಾಗಿದ್ದರೂ ರೋಗಿ ಚಿತ್ರದ ಅಂಚಿನಲ್ಲಿದ್ದಾಗ ಕಾಣುವುದು ಓರೆಯಾಗಿಯೇ. 4 ಮೀಟರ್ ದೂರದಿಂದ, ಮಧ್ಯದಿಂದ ಆಚೆ ಈಚೆ 70 ಸೆಂ.ಮೀ. ಒಳಗಿದ್ದರೆ ಓರೆ 10 ಡಿಗ್ರಿ ದಾಟುವುದಿಲ್ಲ. ಅಳತೆಗೆ ಆ ಮಧ್ಯದ ಪಟ್ಟಿಯೊಳಗೆ ಬಿದ್ದ ಹೆಜ್ಜೆಯನ್ನಷ್ಟೇ ತೆಗೆದುಕೊಳ್ಳಿ. ಓರೆ ಹೆಚ್ಚಾದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ: ತೊಡೆ ನೆಟ್ಟಗಿದ್ದು ಮಂಡಿ 60 ಡಿಗ್ರಿ ಬಾಗಿದಾಗ, 45 ಡಿಗ್ರಿ ಓರೆಯಿಂದ ನೋಡಿದರೆ ಅದು ಸುಮಾರು 51 ಡಿಗ್ರಿಯಾಗಿ ಕಾಣುತ್ತದೆ. ಸಾಫ್ಟ್‌ವೇರು 51 ಎಂದೇ ಬರೆದುಕೊಡುತ್ತದೆ. ಕಿನೋವಿಯಾದ ನಿಖರತೆಯ ಬಗ್ಗೆ 2019ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ, ಹಲವರು ಉಲ್ಲೇಖಿಸುವ ಅಧ್ಯಯನವೊಂದು, 5 ಮೀಟರ್ ದೂರದವರೆಗೆ, 90ರಿಂದ 45 ಡಿಗ್ರಿ ಕೋನದವರೆಗೆ (ಇಲ್ಲಿ 90 ಎಂದರೆ ಓರೆಯೇ ಇಲ್ಲದ ನೇರ ಲಂಬ) ಅಳತೆ ನಂಬಬಹುದು, ಆದರೆ 90 ಡಿಗ್ರಿಯೇ ಉತ್ತಮ ಎಂದಿತು. ಎಂಪಿಟಿ (ಫಿಸಿಯೋಥೆರಪಿ ಸ್ನಾತಕೋತ್ತರ) ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಗಮನಿಸಬೇಕು: ಅಲ್ಲಿ ಅಳೆದದ್ದು ತಂತಿಯಿಂದ ಮಾಡಿದ ಕಾಲಿನ ಮಾದರಿಯನ್ನು. ಬಟ್ಟೆ, ಚರ್ಮ, ಬೊಜ್ಜು, ಕುಂಟುವಿಕೆ ಯಾವುದೂ ಇಲ್ಲದ ಕಾಲು ಅದು.

ಇನ್ನು ಫ್ರೇಮ್ ವೇಗ. ಸೆಕೆಂಡಿಗೆ 30 ಫ್ರೇಮ್ ಇದ್ದರೆ, ಮೇಲೆ ಹೇಳಿದ ಆ ಎಂಟನೇ ಒಂದು ಸೆಕೆಂಡಿಗೆ ನಾಲ್ಕೇ ಚಿತ್ರ ಸಿಗುತ್ತದೆ. 60 ಇಟ್ಟರೆ ಎಂಟು. ನಡಿಗೆಗೆ ಅಷ್ಟು ಸಾಕು. ಓಟ, ಜಿಗಿತಕ್ಕೆ 120 ಅಥವಾ 240. ಆದರೆ ಸ್ಲೋ ಮೋಷನ್ನಿಗೆ ಹೋದರೆ ಬೆಳಕಿನ ತೊಂದರೆ ಶುರು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು, ಕಡಿಮೆ ಬೆಲೆಯ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು 240 ಫ್ರೇಮಿನ ವಿಡಿಯೋದಲ್ಲಿ ಬೆಳಕು–ಕತ್ತಲೆಯ ಅಲೆಯಾಗಿ ಬರುತ್ತದೆ, ಮಾರ್ಕರ್ ಹಿಂಬಾಲಿಸುವ ಟ್ರ್ಯಾಕಿಂಗ್ ಅಲ್ಲಿ ದಾರಿ ತಪ್ಪುತ್ತದೆ. ಕಿಟಕಿಯ ಹಗಲು ಬೆಳಕೇ ಇದಕ್ಕೆ ಮದ್ದು. ಮಬ್ಬು ಬೆಳಕಿನ ಇನ್ನೊಂದು ಕಾಟ, ಚಿತ್ರ ಮಸುಕಾಗುವುದು. ಸ್ವಿಂಗ್‌ನಲ್ಲಿ, ಅಂದರೆ ಕಾಲು ನೆಲ ಬಿಟ್ಟು ಮುಂದಕ್ಕೆ ಬೀಸುವಾಗ, ಪಾದದ ವೇಗ ಸೆಕೆಂಡಿಗೆ 4 ಮೀಟರ್ ಮುಟ್ಟುತ್ತದೆ. ಶಟರ್ 1/60 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಪಾದ 6–7 ಸೆಂ.ಮೀ. ಸರಿದಿರುತ್ತದೆ, 1/500 ಇದ್ದರೆ 8 ಮಿ.ಮೀ. ಮಾತ್ರ. ಫೋನಿನ ಪ್ರೋ ಮೋಡಿನಲ್ಲಿ ಶಟರ್ ವೇಗವನ್ನು ಕೈಯಾರೆ ಹಿಡಿಸಿಡಿ.

ಬಿಂದಿ, ಸೀರೆ, ಪಂಚೆ

ಮಾರ್ಕರಿಗೆ ವಿಶೇಷ ಸಾಮಾನು ಬೇಕಿಲ್ಲ. ಹಣೆಗೆ ಇಡುವ ದುಂಡನೆಯ ಸ್ಟಿಕರ್ ಬಿಂದಿ, ದೊಡ್ಡ ಗಾತ್ರದ್ದು, ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ: ಅಂಟು ಚರ್ಮಕ್ಕೆ ಹಿತ, ಅಂಚು ಸ್ಪಷ್ಟ, ಬೆಲೆ ಇಲ್ಲವೆನ್ನುವಷ್ಟು. ಗೋಧಿ ಬಣ್ಣದ ಚರ್ಮದ ಮೇಲೆ ಕಡುಗೆಂಪು, ಮರೂನ್ ಬಿಂದಿ ಮಸುಕಾಗಿ ಕಾಣುತ್ತವೆ. ಬಿಳಿ ವೈದ್ಯಕೀಯ ಟೇಪಿನ ಚೌಕ ಅಂಟಿಸಿ ಅದರ ನಡುವೆ ಕಪ್ಪು ಬಿಂದಿ ಇಟ್ಟರೆ ಟ್ರ್ಯಾಕಿಂಗ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹೊಳೆಯುವ, ಕಲ್ಲು ಕೂರಿಸಿದ ಬಿಂದಿ ಬೇಡ. ಬೆಳಕು ಬಿದ್ದ ದಿಕ್ಕಿಗೆ ಹೊಳಪು ಸರಿದಂತೆ ಮಾರ್ಕರೇ ಸರಿದ ಹಾಗೆ ಸಾಫ್ಟ್‌ವೇರಿಗೆ ಕಾಣುತ್ತದೆ.

ಪಕ್ಕದ ನೋಟಕ್ಕೆ ಐದು ಜಾಗ: ಭುಜದ ತುದಿಯ ಮೂಳೆ, ಸೊಂಟದ ಪಕ್ಕದಲ್ಲಿ ಕೈಗೆ ಸಿಗುವ ಗ್ರೇಟರ್ ಟ್ರೋಕ್ಯಾಂಟರ್, ಮಂಡಿಯ ಹೊರಬದಿಯ ಉಬ್ಬು, ಕಣಕಾಲಿನ ಹೊರಗಂಟು, ಕಿರುಬೆರಳಿನ ಬುಡದ ಮೂಳೆ. ರೋಗಿಯನ್ನು ನಿಲ್ಲಿಸಿಯೇ ಅಂಟಿಸಬೇಕು. ಮಲಗಿಸಿ ಅಂಟಿಸಿದರೆ ನಿಂತಾಗ ಚರ್ಮ ಸರಿದು ಬಿಂದಿ ಮೂಳೆಯ ಮೇಲೆ ಉಳಿಯುವುದಿಲ್ಲ. ಟ್ರೋಕ್ಯಾಂಟರ್ ಹುಡುಕಲು ರೋಗಿಗೆ ಕಾಲನ್ನು ಒಳಗೂ ಹೊರಗೂ ತಿರುಗಿಸಲು ಹೇಳಿ, ಅಂಗೈ ಕೆಳಗೆ ಉರುಳುವ ಮೂಳೆಯನ್ನು ಗುರುತಿಸಿ.

ಮಾರ್ಕರ್ ತಪ್ಪಿದರೆ ಎಷ್ಟು ನಷ್ಟ? ತೊಡೆಯ ಉದ್ದ 40 ಸೆಂ.ಮೀ. ಎಂದುಕೊಂಡರೆ, ಟ್ರೋಕ್ಯಾಂಟರಿನ ಬಿಂದಿ ಹಿಂದಕ್ಕೋ ಮುಂದಕ್ಕೋ 2 ಸೆಂ.ಮೀ. ಸರಿದರೆ ಮಂಡಿಯ ಕೋನದಲ್ಲಿ ಸುಮಾರು 3 ಡಿಗ್ರಿ ತಪ್ಪು. ಪಾದದ ವಿಚಾರದಲ್ಲಿ ಇದು ಕೆಡುತ್ತದೆ. ಹೊರಗಂಟಿನಿಂದ ಕಿರುಬೆರಳ ಬುಡಕ್ಕೆ ಇರುವುದೇ 12 ಸೆಂ.ಮೀ. ಆಸುಪಾಸು, ಅಲ್ಲಿ 1 ಸೆಂ.ಮೀ. ತಪ್ಪಿದರೂ 5 ಡಿಗ್ರಿ ಹೋಯಿತು. ಸ್ಟಾನ್ಸ್‌ನ (ಪಾದ ನೆಲದ ಮೇಲಿರುವ ಹೊತ್ತಿನ) ಕೊನೆಯಲ್ಲಿ ಕಣಕಾಲು ಮುಂದಕ್ಕೆ ಬಾಗಬೇಕಾದದ್ದೇ ಸುಮಾರು 10 ಡಿಗ್ರಿ. ಆದ್ದರಿಂದ ಮಂಡಿಯ ಅಂಕಿಗೆ ಕೊಡುವ ಬೆಲೆಯನ್ನು ಕಣಕಾಲಿನ ಅಂಕಿಗೆ ಕೊಡಬೇಡಿ. ಇಬ್ಬರು ಬೇರೆ ಬೇರೆ ದಿನ ಅಂಟಿಸಿದ ಮಾರ್ಕರುಗಳ ಅಂಕಿಗಳನ್ನು ಹೋಲಿಸುವುದಂತೂ ಬೇಡವೇ ಬೇಡ. ಒಬ್ಬ ರೋಗಿಗೆ ಮೊದಲಿಂದ ಕೊನೆಯವರೆಗೂ ಒಬ್ಬರೇ ಅಂಟಿಸಲಿ.

ಬಟ್ಟೆಯ ಪ್ರಶ್ನೆ ನಮ್ಮಲ್ಲಿ ಸೂಕ್ಷ್ಮ. ಸೀರೆಯ ಮೇಲೆ ಬಿಂದಿ ಅಂಟಿಸಿದರೆ ಅಳೆದದ್ದು ನೆರಿಗೆಯ ಚಲನೆ, ಕಾಲಿನದ್ದಲ್ಲ. ಗಂಡಸರು ಪಂಚೆ ಬಿಟ್ಟು ಚಡ್ಡಿಯಲ್ಲಿ ನಡೆಯಲು ಸಾಮಾನ್ಯವಾಗಿ ಒಪ್ಪುತ್ತಾರೆ. ಹೆಂಗಸರಿಗೆ ಮೈಗೆ ಅಂಟುವ ಕಪ್ಪು ಲೆಗ್ಗಿಂಗ್ಸ್ ಎರಡು ಮೂರು ಅಳತೆಯಲ್ಲಿ ಕ್ಲಿನಿಕ್ಕಿನಲ್ಲೇ ಒಗೆದಿಟ್ಟಿರಲಿ, ಮೇಲೆ ಬಿಳಿ ಟೇಪಿನ ಮಾರ್ಕರ್ ಚೆನ್ನಾಗಿ ಕಾಣುತ್ತದೆ. ಮಾರ್ಕರ್ ಅಂಟಿಸುವವರು, ವಿಡಿಯೋ ತೆಗೆಯುವವರು ಹೆಂಗಸರೇ ಆಗಿರಲಿ. ಪರದೆ ಎಳೆದ ಜಾಗ ಇರಲಿ. ವಯಸ್ಸಾದ ಅಮ್ಮಂದಿರು ಯಾವುದಕ್ಕೂ ಒಪ್ಪದಿದ್ದರೆ ಬಲವಂತ ಬೇಡ. ಸೀರೆಯನ್ನು ಮಂಡಿಯ ಕೆಳಗಿನವರೆಗೆ ಎತ್ತಿ ಕಟ್ಟಿ, ಮೀನಖಂಡದಿಂದ ಕೆಳಗಿನದ್ದನ್ನು, ಹೆಜ್ಜೆಯ ಉದ್ದ, ಸಮಯವನ್ನು ಅಳೆದರೂ ಉಪಯೋಗಕ್ಕೆ ಬರುವ ಮಾಹಿತಿ ಸಿಗುತ್ತದೆ.

ಪ್ಯಾರಲಲ್ ಬಾರ್ (ಎರಡೂ ಬದಿ ಹಿಡಿದುಕೊಳ್ಳುವ ಕಂಬಿ) ನಡುವೆ ನಡೆಯುವವರಲ್ಲಿ ಕಂಬಿ ಸರಿಯಾಗಿ ಟ್ರೋಕ್ಯಾಂಟರಿನ ಮೇಲೆ ಅಡ್ಡ ಬರುತ್ತದೆ. ಆಗ ತೊಡೆಯ ಹೊರಬದಿಯಲ್ಲಿ, ಟ್ರೋಕ್ಯಾಂಟರಿಂದ ಮಂಡಿಗೆ ಎಳೆದ ಗೆರೆಯ ಮೇಲೆಯೇ, ಕಂಬಿಗಿಂತ ಕೆಳಗೆ ಒಂದು ಬಿಂದಿ ಇಟ್ಟು ಅದನ್ನು ಬಳಸಿ.

ಒಂದು ಮಂಡಿ, ಆರಂಭದಿಂದ ಕೊನೆಯವರೆಗೆ

ಬಲ ಮಂಡಿ ಬದಲಾಯಿಸಿದವರ ನಡಿಗೆ ಎಂದುಕೊಳ್ಳಿ. ರೋಗಿ ಬಲಗಡೆ ಕ್ಯಾಮೆರಾ ಬರುವಂತೆ 6ರಿಂದ 8 ಮೀಟರ್ ನಡೆಯುತ್ತಾರೆ. ಮೊದಲ ಎರಡು ಹೆಜ್ಜೆ, ಕೊನೆಯ ಎರಡು ಹೆಜ್ಜೆ ಲೆಕ್ಕಕ್ಕಿಲ್ಲ, ಅಲ್ಲಿ ವೇಗ ಏರುಪೇರು. ನಾಲ್ಕೈದು ಸಲ ನಡೆಸಿದರೆ ಮಧ್ಯದ ಪಟ್ಟಿಯಲ್ಲಿ ಬಿದ್ದ ಮೂರು ಒಳ್ಳೆಯ ಹೆಜ್ಜೆ ಸಿಗುತ್ತವೆ. ಎಡಗಾಲು ಬೇಕಿದ್ದರೆ ವಾಪಸ್ ಬರುವಾಗಿನ ನಡಿಗೆ ತೆಗೆಯಿರಿ. ಆಚೆ ಬದಿಯ ಕಾಲನ್ನು ಈಚೆಯಿಂದ ಅಳೆಯಬಾರದು.

ವಿಡಿಯೋವನ್ನು ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ. 3 ಮೀಟರ್ ಅಗಲ ಕಾಣುವ 1080 ಗುಣಮಟ್ಟದ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ಒಂದೂವರೆ ಮಿ.ಮೀ.; 480ಕ್ಕೆ ಇಳಿದರೆ ಮೂರೂವರೆ ಮಿ.ಮೀ., ಅಂಚುಗಳೂ ಕಲಸಿರುತ್ತವೆ. ಮನೆಯಿಂದ ಕಳಿಸುವವರಿಗೆ ‘ಡಾಕ್ಯುಮೆಂಟ್’ ಎಂದು ಕಳಿಸಲು ಹೇಳಿ. ಇನ್ನೊಂದು ಗುಪ್ತ ತೊಂದರೆ ಇದೆ: ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ವೇಗವನ್ನು ತಾವೇ ಏರಿಸಿ ಇಳಿಸುತ್ತವೆ, ಕಿನೋವಿಯಾ ಮಾತ್ರ ವೇಗ ಒಂದೇ ಸಮ ಎಂದು ಭಾವಿಸುತ್ತದೆ. ಸಮಯ, ವೇಗ ಅಳೆಯುವುದಿದ್ದರೆ ಮೊದಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆಯ್ದು ಪರಿವರ್ತಿಸಿಕೊಳ್ಳಿ. ಸ್ಲೋ ಮೋಷನ್ ಆಗಿದ್ದರೆ ವಿಡಿಯೋ ಟೈಮಿಂಗ್ ಸೆಟ್ಟಿಂಗಿನಲ್ಲಿ ನಿಜವಾಗಿ ಚಿತ್ರಿಸಿದ ವೇಗವನ್ನು ತುಂಬಬೇಕು. 240ರಲ್ಲಿ ತೆಗೆದು 30ರಲ್ಲಿ ಓಡುವ ಫೈಲಿಗೆ ಇದನ್ನು ತುಂಬದಿದ್ದರೆ ಎಲ್ಲ ಸಮಯವೂ ಎಂಟು ಪಟ್ಟು ಹಿಗ್ಗುತ್ತದೆ.

ಫೈಲ್ ತೆರೆದ ಮೇಲೆ ಕೆಳಗಿನ ಪಟ್ಟಿಯಲ್ಲಿ ವರ್ಕಿಂಗ್ ಜೋನನ್ನು (ವಿಡಿಯೋದಲ್ಲಿ ಕೆಲಸ ಮಾಡುವ ಭಾಗವನ್ನು) ಬೇಕಾದ ಮೂರು ನಾಲ್ಕು ಸೆಕೆಂಡಿಗೆ ಕುಗ್ಗಿಸಿ. ಅಷ್ಟೂ ಮೆಮೊರಿಗೆ ಬಂದು ಕೂರುವುದರಿಂದ ಫ್ರೇಮ್ ಹಿಂದೆ ಮುಂದೆ ಮಾಡುವುದು ಸಲೀಸಾಗುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಕಿನೋವಿಯಾ ತಡವರಿಸುತ್ತದೆ ಎಂಬ ದೂರಿಗೆ ಮುಕ್ಕಾಲು ಪಾಲು ಪರಿಹಾರ ಇದೇ.

ಈಗ ಆ್ಯಂಗಲ್ ಉಪಕರಣ ಆರಿಸಿ, ಕೋನದ ಶೃಂಗವನ್ನು ಮಂಡಿಯ ಬಿಂದಿಯ ಮೇಲೂ, ಎರಡು ತುದಿಗಳನ್ನು ಟ್ರೋಕ್ಯಾಂಟರ್, ಹೊರಗಂಟಿನ ಮೇಲೂ ಕೂರಿಸಿ. ಜೂಮ್ ಮಾಡಿ ಬಿಂದಿಯ ನಟ್ಟನಡುವೆಯೇ ಇಡಬೇಕು. ನೆಟ್ಟಗೆ ನಿಂತ ಕಾಲಿಗೆ ಇದು 180ರ ಹತ್ತಿರ ತೋರಿಸುತ್ತದೆ. ಕೀಲಿನ ಕೋನ ಅಳೆಯುವ ಗೋನಿಯೋಮೀಟರಿನ ಲೆಕ್ಕದಲ್ಲಿ ಅದು ಸೊನ್ನೆ. ಕೋನದ ಮೇಲೆ ರೈಟ್ ಕ್ಲಿಕ್ ಮಾಡಿ ಸಪ್ಲಿಮೆಂಟರಿ ಆಯ್ದರೆ ಬಾಗಿದಷ್ಟೇ ಕೋನ ನೇರವಾಗಿ ಸಿಗುತ್ತದೆ. ಪ್ರತಿ ಸಲ 180ರಿಂದ ಕಳೆಯುತ್ತ ಕೂತರೆ ಎಲ್ಲೋ ಒಂದು ಕಡೆ ಕೈ ತಪ್ಪುವುದು ಖಂಡಿತ. ಮಂಡಿ ಹಿಂದಕ್ಕೆ ಬಾಗುವ ರೋಗಿಗಳಲ್ಲಿ ಋಣ ಚಿಹ್ನೆ ಬರುವಂತೆಯೂ ಅಲ್ಲೇ ಆಯ್ಕೆ ಇದೆ. ಅದನ್ನು ಹಾಕದಿದ್ದರೆ 8 ಡಿಗ್ರಿ ಹಿಂದಕ್ಕೆ ಹೋದ ಮಂಡಿ 8 ಡಿಗ್ರಿ ಮುಂದೆ ಬಾಗಿದ ಹಾಗೆ ದಾಖಲಾಗುವ ಅಪಾಯವಿದೆ.

ನಾಲ್ಕು ಕ್ಷಣಗಳನ್ನು ಕೀ ಇಮೇಜ್ (ಗುರುತು ಹಾಕಿಟ್ಟ ಫ್ರೇಮ್) ಮಾಡಿಕೊಳ್ಳಿ: ಹಿಮ್ಮಡಿ ನೆಲ ಮುಟ್ಟಿದ ಮೊದಲ ಫ್ರೇಮ್, ಅದಾದ ಮೇಲೆ ಮಂಡಿ ಅತಿ ಹೆಚ್ಚು ಬಾಗಿದ ಫ್ರೇಮ್, ಸ್ಟಾನ್ಸ್‌ನಲ್ಲಿ ಅತಿ ನೆಟ್ಟಗಾದ ಫ್ರೇಮ್, ಸ್ವಿಂಗ್‌ನಲ್ಲಿ ಅತಿ ಹೆಚ್ಚು ಬಾಗಿದ ಫ್ರೇಮ್. ಆರೋಗ್ಯವಂತರಲ್ಲಿ ಸರಿಸುಮಾರು 5, 15ರಿಂದ 20, 5ರ ಹತ್ತಿರ, 60 ಬರುತ್ತದೆ. ಮಂಡಿ ಬದಲಾದವರಲ್ಲಿ ನಾವು ಮೊದಲು ನೋಡಬೇಕಾದದ್ದು ಒಂದನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸವನ್ನು. ಮಾರ್ಕರ್ ಸ್ವಲ್ಪ ತಪ್ಪಿದ್ದರೂ ಆ ತಪ್ಪು ಎರಡೂ ಫ್ರೇಮಿನಲ್ಲಿ ಹೆಚ್ಚುಕಡಿಮೆ ಒಂದೇ ಇರುವುದರಿಂದ, ಕಳೆದಾಗ ಹೊರಟುಹೋಗುತ್ತದೆ. ಬಿಡಿ ಅಂಕಿಗಿಂತ ವ್ಯತ್ಯಾಸ ನಂಬಿಕೆಗೆ ಅರ್ಹ ಎನ್ನುವುದು ಇದಕ್ಕೇ. ಇನ್ನೂ ಒಂದು ಎಚ್ಚರಿಕೆ: ನಿಧಾನ ನಡೆದರೆ ಮಂಡಿ ಕಡಿಮೆ ಬಾಗುತ್ತದೆ, ಬೇಗ ನಡೆದರೆ ಹೆಚ್ಚು. ಆರು ವಾರದ ನಂತರ ಸ್ವಿಂಗ್‌ನಲ್ಲಿ 10 ಡಿಗ್ರಿ ಹೆಚ್ಚಿದ್ದರೆ ಅದರಲ್ಲಿ ವೇಗದ ಪಾಲು ಇದ್ದೇ ಇರುತ್ತದೆ. ವೇಗ ಬರೆಯದ ಕೋನವನ್ನು ಸುಧಾರಣೆ ಎಂದು ಕರೆಯಬೇಡಿ.

ಟ್ರ್ಯಾಕಿಂಗ್, ಕ್ಯಾಲಿಬ್ರೇಷನ್: ಎಡವುವ ಜಾಗಗಳು

ಕೋನವನ್ನು ಒಂದು ಫ್ರೇಮಿನಲ್ಲಿ ಎಳೆದು ಟ್ರ್ಯಾಕಿಂಗ್ ಶುರು ಮಾಡಿದರೆ ಮುಂದಿನ ಫ್ರೇಮುಗಳಲ್ಲಿ ಸಾಫ್ಟ್‌ವೇರೇ ಬಿಂದಿಗಳನ್ನು ಹಿಂಬಾಲಿಸಿ, ಆ್ಯಂಗ್ಯುಲರ್ ಕೈನಮ್ಯಾಟಿಕ್ಸ್ ಕಿಟಕಿಯಲ್ಲಿ ಗ್ರಾಫ್ ಕೊಡುತ್ತದೆ. ಬಿಂದಿಯ ಸುತ್ತಲಿನ ಚಿಕ್ಕ ಚೌಕದ ಚಿತ್ರವನ್ನು ನೆನಪಿಟ್ಟುಕೊಂಡು, ಮುಂದಿನ ಫ್ರೇಮಿನಲ್ಲಿ ಸ್ವಲ್ಪ ದೊಡ್ಡ ಚೌಕದೊಳಗೆ ಅಂಥದ್ದೇ ಎಲ್ಲಿದೆ ಎಂದು ಹುಡುಕುವುದು ಇದರ ರೀತಿ. ಹಾಗಾಗಿ ತಪ್ಪುವ ಜಾಗಗಳೂ ಖಚಿತ. ನಡೆಯುವಾಗ ಬೀಸುವ ಕೈ ಪ್ರತಿ ಹೆಜ್ಜೆಗೂ ಟ್ರೋಕ್ಯಾಂಟರಿನ ಮೇಲೆ ಹಾದುಹೋಗುತ್ತದೆ, ಟ್ರ್ಯಾಕಿಂಗ್ ಬಿಂದಿಯನ್ನು ಬಿಟ್ಟು ಮಣಿಕಟ್ಟಿನ ಹಿಂದೆ ಹೊರಡುತ್ತದೆ. ಕೈಯನ್ನು ಎದೆಗೆ ಕಟ್ಟಿಸಿ ನಡೆಸಿದರೆ ನಡಿಗೆಯೇ ಬದಲಾಗುತ್ತದೆ, ಹಾಗೆ ಮಾಡಬೇಡಿ. ತಪ್ಪಿದ ಫ್ರೇಮಿಗೆ ಹೋಗಿ ಬಿಂದುವನ್ನು ಕೈಯಿಂದ ಎಳೆದು ಕೂರಿಸಿದರೆ ಅಲ್ಲಿಂದ ಮುಂದಕ್ಕೆ ಮತ್ತೆ ಹಿಡಿಯುತ್ತದೆ. ಸ್ವಿಂಗ್‌ನಲ್ಲಿ ಕಣಕಾಲು ಹುಡುಕುವ ಚೌಕದಿಂದಲೇ ಹೊರಗೆ ಜಿಗಿಯುತ್ತದೆ. ಆ ಚೌಕವನ್ನು ಹಿಗ್ಗಿಸಿ, ಇಲ್ಲವೇ 120 ಫ್ರೇಮಿಗೆ ಹೋಗಿ. ಗ್ರಾಫ್‌ನಲ್ಲಿ ಒಂದೇ ಫ್ರೇಮಿಗೆ 15–20 ಡಿಗ್ರಿ ಹಾರಿದ ಮೊನೆ ಕಂಡರೆ ಅದು ರೋಗಿಯದ್ದಲ್ಲ, ಟ್ರ್ಯಾಕಿಂಗಿನದ್ದು.

ಕೋನಕ್ಕೆ ಕ್ಯಾಲಿಬ್ರೇಷನ್ (ಚಿತ್ರದ ಅಳತೆಯನ್ನು ನಿಜವಾದ ಅಳತೆಗೆ ಹೊಂದಿಸುವುದು) ಬೇಕಿಲ್ಲ. ಉದ್ದಕ್ಕೆ ಬೇಕು. ಗೊತ್ತಿರುವ ಉದ್ದದ ಮೇಲೆ ಗೆರೆ ಎಳೆದು, ರೈಟ್ ಕ್ಲಿಕ್ಕಿನಲ್ಲಿ ಕ್ಯಾಲಿಬ್ರೇಟ್ ಆಯ್ದು ಅಳತೆ ತುಂಬಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪು, ಹಿಂದಿನ ಗೋಡೆಗೆ ಒಂದು ಮೀಟರ್ ಪಟ್ಟಿ ಅಂಟಿಸಿ ಅದನ್ನೇ ಆಧಾರ ಮಾಡುವುದು. ಕಾಲು 4 ಮೀಟರ್ ದೂರದಲ್ಲಿ, ಗೋಡೆ 5 ಮೀಟರ್ ದೂರದಲ್ಲಿ ಇದ್ದರೆ ಎಲ್ಲ ಉದ್ದವೂ ಶೇ 25 ಹೆಚ್ಚಾಗಿ ಬರುತ್ತದೆ, 50 ಸೆಂ.ಮೀ. ಹೆಜ್ಜೆ 62 ಆಗುತ್ತದೆ. ಪಟ್ಟಿಯನ್ನು ನಡೆಯುವ ದಾರಿಯಲ್ಲೇ, ಕ್ಯಾಮೆರಾ ಬದಿಯ ಕಾಲು ಬೀಳುವ ಗೆರೆಯ ಮೇಲೆ ಇಟ್ಟು ಎರಡು ಸೆಕೆಂಡ್ ಚಿತ್ರಿಸಿ, ತೆಗೆದು, ನಂತರ ರೋಗಿಯನ್ನು ನಡೆಸಿ. ಕಾರಿಡಾರ್ ಕಿರಿದಾಗಿ ಕ್ಯಾಮೆರಾ ಓರೆಯಾಗಿಯೇ ಇಡಬೇಕಾದ ಕಡೆ ಪ್ಲೇನ್ ಕ್ಯಾಲಿಬ್ರೇಷನ್ ಇದೆ: ನೆಲದ ಮೇಲೆ ಅಳತೆ ಗೊತ್ತಿರುವ ಆಯತದ ನಾಲ್ಕು ಮೂಲೆಗೆ ಜಾಲರಿಯನ್ನು ಎಳೆದು ಕೂರಿಸುವುದು. ಟೈಲ್ಸ್ ಇದ್ದರೆ ಆಯತ ಸಿದ್ಧವಾಗಿಯೇ ಇದೆ, ಆದರೆ ಸಂದು ಸೇರಿಸಿ ಟೇಪಿನಲ್ಲಿ ಅಳೆದು ನೋಡಿ. ಈ ಲೆಕ್ಕ ನೆಲದ ಮೇಲಿನ ಬಿಂದುಗಳಿಗೆ ಮಾತ್ರ ಸಲ್ಲುತ್ತದೆ. ಹಿಮ್ಮಡಿ ಊರಿದ ಜಾಗದಿಂದ ಹಿಮ್ಮಡಿ ಊರಿದ ಜಾಗಕ್ಕೆ ಅಳೆಯಬಹುದು; ಅದೇ ಜಾಲರಿಯಿಂದ ಮಂಡಿಯ ಎತ್ತರ ಅಳೆದರೆ ಅಂಕಿ ಬರುತ್ತದೆ, ಅರ್ಥ ಇರುವುದಿಲ್ಲ.

ರೋಗಿಗೆ ತೋರಿಸುವ ಎರಡು ಸೌಲಭ್ಯ

ಎರಡು ವಿಡಿಯೋ ಅಕ್ಕಪಕ್ಕ ಓಡಿಸುವುದು ರೋಗಿಯ ಮೇಲೆ ಮಾಡುವ ಪರಿಣಾಮ ಯಾವ ಅಂಕಿಯೂ ಮಾಡುವುದಿಲ್ಲ. ಎರಡರಲ್ಲೂ ಹಿಮ್ಮಡಿ ನೆಲ ಮುಟ್ಟಿದ ಫ್ರೇಮನ್ನು ಹೊಂದಿಕೆಯ ಬಿಂದು ಮಾಡಿ. ವೇಗ ಬೇರೆಯಾದ್ದರಿಂದ ಅರ್ಧ ಹೆಜ್ಜೆ ಕಳೆಯುವಷ್ಟರಲ್ಲಿ ಎರಡೂ ದಾರಿ ಬಿಡುತ್ತವೆ. ಸ್ವಿಂಗ್ ತೋರಿಸಬೇಕಿದ್ದರೆ ಹೆಬ್ಬೆರಳು ನೆಲ ಬಿಟ್ಟ ಫ್ರೇಮಿಗೆ ಮತ್ತೆ ಹೊಂದಿಸಿ.

ಇನ್ನೊಂದು, ತಡವಾಗಿ ತೋರಿಸುವ ಲೈವ್ ಕ್ಯಾಮೆರಾ. ವೆಬ್‌ಕ್ಯಾಮ್ ಜೋಡಿಸಿ ತಡವನ್ನು 5 ಸೆಕೆಂಡಿಗೆ ಇಟ್ಟರೆ, ರೋಗಿ ಕುರ್ಚಿಯಿಂದ ಎದ್ದು ನಿಂತು ತಲೆ ಎತ್ತಿ ಪರದೆ ನೋಡುವ ಹೊತ್ತಿಗೆ ತಾವು ಎದ್ದ ರೀತಿಯೇ ಕಾಣುತ್ತದೆ. ಮೈಭಾರವನ್ನೆಲ್ಲ ಒಳ್ಳೆಯ ಕಾಲಿನ ಮೇಲೆ ಹಾಕಿ ಏಳುವುದನ್ನು ನೂರು ಸಲ ಬಾಯಲ್ಲಿ ಹೇಳಿದರೂ ಒಪ್ಪದವರು ಇಲ್ಲಿ ತಾವಾಗಿ ತಿದ್ದಿಕೊಳ್ಳುತ್ತಾರೆ. ಕನ್ನಡಿಯಲ್ಲಿ ಇದು ಸಾಧ್ಯವಿಲ್ಲ. ಕನ್ನಡಿ ನೋಡುತ್ತಾ ಏಳುವವರು ಕತ್ತು ಎತ್ತಿಕೊಂಡೇ ಏಳುತ್ತಾರೆ, ಏಳಲು ಬೇಕಾದ ಮುಂದಿನ ಬಾಗುವಿಕೆ ಅಲ್ಲೇ ಕೆಡುತ್ತದೆ. ಈ ಒಂದು ಸೌಲಭ್ಯಕ್ಕೇ ಕಿನೋವಿಯಾ ಹಾಕಿಕೊಳ್ಳಬಹುದು ಎಂದು ನಾವು ಭಾವಿಸುತ್ತೇವೆ.

ಟೈಮ್ಡ್ ಅಪ್ ಆ್ಯಂಡ್ ಗೋ ಪರೀಕ್ಷೆಯನ್ನೂ (1991ರಿಂದ ಬಳಕೆಯಲ್ಲಿರುವ, 3 ಮೀಟರ್ ಹೋಗಿ ಬಂದು ಕೂರುವ ಪರೀಕ್ಷೆ) ಇದರಲ್ಲಿ ಹೋಳು ಮಾಡಬಹುದು. ಏಳುವುದು, ಹೋಗುವುದು, ತಿರುಗುವುದು, ಬರುವುದು, ಕೂರುವುದು, ಪ್ರತಿಯೊಂದಕ್ಕೂ ಬೇರೆ ಸ್ಟಾಪ್‌ವಾಚ್ ಹಾಕಿ. ಒಟ್ಟು ಸಮಯ ಒಂದೇ ಇದ್ದರೂ ಪಾರ್ಕಿನ್‌ಸನ್ಸ್ ಇರುವವರಿಗೆ ತಿರುಗುವಲ್ಲಿ, ತೊಡೆಯ ಸ್ನಾಯು ಸೋತವರಿಗೆ ಏಳುವಲ್ಲಿ ಹೊತ್ತು ಹೋಗುತ್ತಿರುತ್ತದೆ.

ಇದರಿಂದ ಆಗದ್ದು

ಮುಂದಿನಿಂದ ನೋಡಿ ಮಂಡಿ ಒಳಗೆ ಕುಸಿಯುವುದನ್ನು ಡಿಗ್ರಿಯಲ್ಲಿ ಬರೆಯುವ ರೂಢಿ ಕ್ರೀಡಾ ಫಿಸಿಯೋಗಳಲ್ಲಿದೆ. ಒಂದೇ ಕ್ಯಾಮೆರಾದಲ್ಲಿ ತೊಡೆ ಒಳಕ್ಕೆ ತಿರುಗಿದ್ದು, ಮಂಡಿ ಬಾಗಿದ್ದು, ನಿಜವಾಗಿ ಒಳಗೆ ಕುಸಿದದ್ದು ಮೂರೂ ಒಂದೇ ಕೋನದೊಳಗೆ ಬೆರೆತುಹೋಗುತ್ತವೆ. ಎಡ–ಬಲ ಹೋಲಿಸಿ ‘ಇಲ್ಲಿ ಹೆಚ್ಚು’ ಎನ್ನಲು ಸಾಕು, ಅದಕ್ಕಿಂತ ಮುಂದೆ ಹೋಗಬೇಡಿ. ಸೊಂಟದ ತಿರುಗುವಿಕೆ ಇದರಲ್ಲಿ ಸಿಗುವುದೇ ಇಲ್ಲ. ಪಾರ್ಶ್ವವಾಯು ಆದವರ ಹೆಬ್ಬೆರಳು ನೆಲದಿಂದ ಎಷ್ಟು ಮೇಲಿತ್ತು ಎನ್ನುವುದೂ ಕಷ್ಟ: ಆರೋಗ್ಯವಂತರಲ್ಲೇ ಆ ಅಂತರ ಒಂದೆರಡು ಸೆಂ.ಮೀ., ನಮ್ಮ ಅಳತೆಯ ತಪ್ಪೂ ಅದರ ಹತ್ತಿರವೇ ಇದೆ.

ಕಾರಣವನ್ನಂತೂ ಇದು ಹೇಳುವುದಿಲ್ಲ. ಪಾರ್ಶ್ವವಾಯುವಿನವರ ಮಂಡಿ ಸ್ಟಾನ್ಸ್‌ನಲ್ಲಿ 10 ಡಿಗ್ರಿ ಹಿಂದಕ್ಕೆ ಹೋಯಿತು ಎಂದು ತೋರಿಸುತ್ತದೆ. ಅದು ಮೀನಖಂಡದ ಬಿಗಿತದಿಂದಲೋ ತೊಡೆಯ ಮುಂಭಾಗದ ಸ್ನಾಯು ಸೋತದ್ದರಿಂದಲೋ ಎಂಬುದಕ್ಕೆ ರೋಗಿಯನ್ನು ಮಂಚದ ಮೇಲೆ ಮಲಗಿಸಿ ಕೈಯಿಂದಲೇ ನೋಡಬೇಕು. ಎರಡಕ್ಕೂ ಚಿಕಿತ್ಸೆ ಬೇರೆ.

ಮೂರು ಆಯಾಮದ ಅಳತೆ ಬೇಕಾದವರಿಗೆ ಸ್ಟ್ಯಾನ್‌ಫರ್ಡ್‌ನಿಂದ ಬಂದ ಓಪನ್‌ಕ್ಯಾಪ್ ಇದೆ. ಮಾರ್ಕರ್ ಬೇಡ, ಆದರೆ ಕನಿಷ್ಠ ಎರಡು ಐಫೋನ್ ಅಥವಾ ಐಪ್ಯಾಡ್, ಚೌಕುಳಿ ಹಾಳೆ, ಇಂಟರ್ನೆಟ್ ಬೇಕು, ವಿಡಿಯೋ ಹೊರಗಿನ ಸರ್ವರಿಗೆ ಹೋಗುತ್ತದೆ. ಉಚಿತ ಬಳಕೆ ಸಂಶೋಧನೆಗೆ ಮಾತ್ರ. ಕೀಲುಗಳನ್ನು ತಾನೇ ಗುರುತಿಸುವ ಮೊಬೈಲ್ ಆ್ಯಪ್‌ಗಳು ವ್ಯಾಯಾಮ ಎಣಿಸಲು ಪರವಾಗಿಲ್ಲ. ಸೀರೆಯೊಳಗಿನ ಸೊಂಟವನ್ನು ಅವು ಊಹಿಸುತ್ತವೆ, ಊಹೆ ಫ್ರೇಮಿನಿಂದ ಫ್ರೇಮಿಗೆ ನಡುಗುತ್ತದೆ.

ವಿಡಿಯೋ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗದಿರುವುದು ಕಿನೋವಿಯಾದ ದೊಡ್ಡ ಸಮಾಧಾನ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದ ಮೇಲೆ ಮಾತಿನ ಒಪ್ಪಿಗೆಯಷ್ಟೇ ನಂಬಿಕೊಳ್ಳಬೇಡಿ; ಯಾಕೆ ತೆಗೆಯುತ್ತಿದ್ದೇವೆ, ಎಷ್ಟು ದಿನ ಇಡುತ್ತೇವೆ ಎಂದು ಕನ್ನಡದಲ್ಲೇ ಬರೆದು ಸಹಿ ಪಡೆಯಿರಿ. ಕ್ಲಿನಿಕ್ಕಿನ ಫೋನಿನಲ್ಲಿ ತೆಗೆಯಿರಿ, ಸ್ವಂತ ಫೋನಿನಲ್ಲಿ ಬೇಡ. ಫೈಲಿಗೆ ರೋಗಿಯ ಹೆಸರಿನ ಬದಲು ಸಂಖ್ಯೆ ಕೊಡಿ. ಎಳೆದ ಕೋನಗಳೆಲ್ಲ ಕೆವಿಎ ಎಂಬ ಬೇರೆ ಫೈಲಿನಲ್ಲಿ ಉಳಿಯುತ್ತವೆ, ಅದನ್ನು ವಿಡಿಯೋ ಜತೆಗೇ ಒಂದೇ ಫೋಲ್ಡರಿನಲ್ಲಿ ಇಡಿ. ಕೇಸ್ ಶೀಟಿನಲ್ಲಿ ಬರಿಯ ಡಿಗ್ರಿ ಬರೆಯದೆ, ಅದು ಹೇಗೆ ಬಂತು ಎಂಬುದನ್ನೂ ಬರೆಯಿರಿ: ‘ಬಲ ಮಂಡಿ, ಸ್ವಿಂಗ್‌ನ ಗರಿಷ್ಠ ಬಾಗು, ಮೂರು ಹೆಜ್ಜೆಗಳ ಸರಾಸರಿ 44 ಡಿಗ್ರಿ, ವೇಗ ಸೆಕೆಂಡಿಗೆ 0.7 ಮೀಟರ್, ಬರಿಗಾಲು, ಊರುಗೋಲು ಎಡಗೈಯಲ್ಲಿ, ಕ್ಯಾಮೆರಾ 4 ಮೀಟರ್, 60 ಫ್ರೇಮ್’, ಜತೆಗೆ ಮಾರ್ಕರ್ ಅಂಟಿಸಿದವರ ಸಹಿ.